ಹಾರ್ಡ್ ಡಿಸ್ಕ್‌ಗೆ ಬ್ಯಾಡ್ ಸೆಕ್ಟರ್ ಬಂದಿದೆಯಾ? ಮೊದಲು ಡೇಟಾ ಎತ್ತಿ, ಆಮೇಲೆ ರಿಪೇರಿ

ಜುಲೈ ತಿಂಗಳ ಒಂದು ಬೆಳಗ್ಗೆ. ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ಮೊದಲ ಬಸ್ಸಿಗೇ ಶಿವಮೊಗ್ಗದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಿದ್ದರು. ಕೈಯಲ್ಲಿ ಸಿಪಿಯು. ಅದಕ್ಕೆ ಮೊದಲು ಹಳೇ ಬೆಡ್‌ಶೀಟ್ ಸುತ್ತಿ, ಅದರ ಮೇಲೆ ಅಡಿಕೆ ಮುಚ್ಚುವ ಟಾರ್ಪಾಲಿನ ತುಂಡು ಕಟ್ಟಿದ್ದರು. ಅವರು ಪೂರ್ತಿ ಒದ್ದೆ, ಸಿಪಿಯು ಮಾತ್ರ ಒಣಗಿತ್ತು.

"ಎಂತಾಯ್ತು ನೋಡು ಮಾರಾಯ. ವಿಂಡೋಸ್ ಬರ್ಲಿಕ್ಕೇ ಇಪ್ಪತ್ತು ನಿಮಿಷ. ತಾಳಮದ್ದಳೆ ಹಾಕಿದ್ರೆ ಅರ್ಧಕ್ಕೇ ನಿಲ್ತದೆ. ಆ ಡಿಸ್ಕ್ ಚೆಕ್ ಅಂತ ಏನೋ ಇದೆಯಲ್ಲ, ಅದನ್ನೊಂದು ಓಡಿಸಿ ಕೊಡು. ಸಂಜೆ ಬಸ್ಸಿಗೆ ಹೋಗ್ತೇನೆ."

ಅದರೊಳಗೆ ಅವರು ಇಪ್ಪತ್ತು ವರ್ಷ ಊರೂರು ಸುತ್ತಿ ರೆಕಾರ್ಡ್ ಮಾಡಿದ ತಾಳಮದ್ದಳೆಗಳಿದ್ದವು. ಮೊದಲು ಕ್ಯಾಸೆಟ್, ಆಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್. ಅರ್ಥ ಹೇಳಿದವರಲ್ಲಿ ಕೆಲವರು ಈಗಿಲ್ಲ. ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ.

ಡಿಸ್ಕ್ ಚೆಕ್, ಅಂದರೆ ಡಿಸ್ಕ್‌ನ ತಪ್ಪು ಹುಡುಕಿ ಸರಿಮಾಡುವ ವಿಂಡೋಸ್‌ನದೇ 'ಚೆಕ್ ಡಿಸ್ಕ್' ಟೂಲ್, ಓಡಿಸುವುದಿಲ್ಲ ಅಂತ ಅವರಿಗೆ ಹೇಳಿದೆ. ಕಾರಣ ಇದೆ. ನಾನು ಈ ಕೆಲಸಕ್ಕೆ ಹೊಸಬನಿದ್ದಾಗ ಇಂಥದ್ದೇ ಡಿಸ್ಕ್ ಒಂದು ಬಂದಿತ್ತು. ರಾತ್ರಿ ಚೆಕ್ ಡಿಸ್ಕ್ ಹಾಕಿ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಟಕ್, ಟಕ್, ಟಕ್ ಅನ್ನುತ್ತಿತ್ತು. ಅವರ ಗೃಹಪ್ರವೇಶದ ಫೋಟೋ, ಆರು ವರ್ಷದ ತೋಟದ ಲೆಕ್ಕ, ಎಲ್ಲವೂ ಹೋಯಿತು. ಹಿಂದಿನ ದಿನ ಅಷ್ಟೂ ಫೈಲ್ ಓದುತ್ತಿದ್ದವು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಕೆಳಗೆ ಹೇಳಿರುವುದನ್ನು ದಯವಿಟ್ಟು ಅದೇ ಕ್ರಮದಲ್ಲಿ ಮಾಡಿ. ಇದರಲ್ಲಿ ಯಾವುದೂ ದೊಡ್ಡ ವಿದ್ಯೆ ಅಲ್ಲ. ಆದರೆ ಹಿಂದೆ ಮುಂದೆ ಆದರೆ ಡೇಟಾ ಉಳಿಯುವುದಿಲ್ಲ.

ಬ್ಯಾಡ್ ಸೆಕ್ಟರ್ ಅಂದರೆ ಏನು

ಹಾರ್ಡ್ ಡಿಸ್ಕ್ ಒಳಗೆ ಕನ್ನಡಿ ಹಾಗೆ ಹೊಳೆಯುವ ತಟ್ಟೆಗಳಿರುತ್ತವೆ. ಸಾಮಾನ್ಯ ಡಿಸ್ಕ್‌ಗಳಲ್ಲಿ ಅವು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದಿ ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲು ಆ ಸಂದಿಗಿಂತ ಸಾವಿರಾರು ಪಟ್ಟು ದಪ್ಪ. ಡಿಸ್ಕನ್ನು ಮನೆಯಲ್ಲಿ ಬಿಚ್ಚಬಾರದು ಅನ್ನುವುದು ಇದಕ್ಕೇ.

ತಟ್ಟೆಯ ಮೇಲಿನ ಜಾಗವನ್ನು ಸಣ್ಣ ಸಣ್ಣ ಮನೆಗಳಾಗಿ ಭಾಗ ಮಾಡಿರುತ್ತಾರೆ. ಒಂದೊಂದು ಮನೆ ಒಂದು ಸೆಕ್ಟರ್. ಹಳೇ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ 512 ಬೈಟ್, ಈಗಿನ ಬಹುಪಾಲು ಡಿಸ್ಕ್‌ಗಳಲ್ಲಿ ಒಳಗಿನ ಅಳತೆ 4096 ಬೈಟ್. ಕನ್ನಡದ ಒಂದು ಅಕ್ಷರದ ಗುರುತಿಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಅಂದರೆ 512 ಬೈಟ್‌ನಲ್ಲಿ ಹಿಡಿಯುವುದು ಎರಡು ಮೂರು ಸಾಲು ಕನ್ನಡ, ಅಷ್ಟೇ. 512 ಬೈಟ್ ಲೆಕ್ಕದಲ್ಲಿ 1 ಟಿಬಿ ಡಿಸ್ಕ್‌ನಲ್ಲಿ 195 ಕೋಟಿಗೂ ಜಾಸ್ತಿ ಸೆಕ್ಟರ್ ಇರುತ್ತವೆ. ಅಷ್ಟರಲ್ಲಿ ಒಂದು ನೂರು ಕೆಟ್ಟರೆ ಅದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಎಷ್ಟು ಕೆಟ್ಟಿದೆ ಅನ್ನುವುದಕ್ಕಿಂತ ಅದು ಬೆಳೆಯುತ್ತಿದೆಯಾ ಅನ್ನುವುದು ಮುಖ್ಯ.

ಪ್ರತಿ ಸೆಕ್ಟರ್ ಜೊತೆ ಒಂದು ತಾಳೆ ನೋಡುವ ಕೋಡ್ ಬರೆದಿರುತ್ತದೆ. ಓದುವಾಗ ಡೇಟಾಕ್ಕೂ ಆ ಕೋಡ್‌ಗೂ ತಾಳೆ ಆಗಬೇಕು. ಸಣ್ಣ ವ್ಯತ್ಯಾಸ ಇದ್ದರೆ ಡಿಸ್ಕ್ ತಾನೇ ಸರಿಮಾಡಿಕೊಳ್ಳುತ್ತದೆ. ಜಾಸ್ತಿ ಇದ್ದರೆ ಮತ್ತೆ ಮತ್ತೆ ಓದುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದಂತೆ ಕಾಣುವುದು ಆಗಲೇ. ಕೊನೆಗೂ ಆಗದಿದ್ದರೆ ಆ ಸೆಕ್ಟರ್ ಬ್ಯಾಡ್.

ಇದರಲ್ಲಿ ಎರಡು ಜಾತಿ ಇವೆ. ಒಂದು, ತಟ್ಟೆಯ ಮೇಲ್ಮೈಯೇ ಹಾಳಾಗಿರುವುದು. ಬಿದ್ದು ಪೆಟ್ಟಾಗಿರಬಹುದು, ಹೆಡ್ ಉಜ್ಜಿರಬಹುದು, ವಯಸ್ಸಾಗಿರಬಹುದು. ಇದನ್ನು ಯಾವ ಸಾಫ್ಟ್‌ವೇರ್ ಕೂಡ ಸರಿ ಮಾಡುವುದಿಲ್ಲ. ಇನ್ನೊಂದು, ಮೇಲ್ಮೈ ಚೆನ್ನಾಗಿಯೇ ಇರುತ್ತದೆ, ಬರೆಯುತ್ತಿದ್ದಾಗ ಕರೆಂಟ್ ಹೋಗಿ ಡೇಟಾಕ್ಕೂ ಕೋಡ್‌ಗೂ ತಾಳೆ ತಪ್ಪಿರುತ್ತದೆ. ಅದರ ಮೇಲೆ ಹೊಸದಾಗಿ ಬರೆದರೆ ಸರಿಹೋಗುತ್ತದೆ.

ಡಿಸ್ಕ್ ಮಾಡುವವರು ಮೊದಲೇ ಒಂದಷ್ಟು ಸೆಕ್ಟರ್‌ಗಳನ್ನು ಸ್ಪೇರ್ ಅಂತ ಎತ್ತಿಟ್ಟಿರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಒರಲೆ ತಿಂದರೆ ಏನು ಮಾಡುತ್ತೇವೆ? ಕೊನೆಯ ಖಾಲಿ ಹಾಳೆಯಲ್ಲಿ ಬರೆದು, 'ಆ ಪುಟದ ಬದಲು ಇಲ್ಲಿ ನೋಡಿ' ಅಂತ ಗುರುತು ಹಾಕುತ್ತೇವೆ ಅಲ್ವಾ, ಡಿಸ್ಕ್ ಮಾಡುವುದೂ ಅದೇ. ಆದರೆ ಒಂದು ಮಾತು ನೆನಪಿಡಿ. ಓದಲು ಬಾರದ ಸೆಕ್ಟರನ್ನು ಅದು ತಕ್ಷಣ ಬದಲಿಸುವುದಿಲ್ಲ. ಒಳಗಿನ ಡೇಟಾ ಸಿಕ್ಕಿಲ್ಲವಲ್ಲ, ಬದಲಿಸಿ ಏನು ಬರೆಯುವುದು? ಹಾಗಾಗಿ 'ಬಾಕಿ' ಅಂತ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಯಾರಾದರೂ ಅಲ್ಲಿ ಹೊಸದಾಗಿ ಬರೆದಾಗ ಪರೀಕ್ಷೆ ಮಾಡಿ, ಸರಿ ಇದ್ದರೆ ಅಲ್ಲೇ ಬರೆಯುತ್ತದೆ, ಇಲ್ಲದಿದ್ದರೆ ಸ್ಪೇರ್‌ಗೆ ಸಾಗಿಸುತ್ತದೆ.

ಹೇಗೆ ಗೊತ್ತಾಗುತ್ತದೆ

ಒಂದು ಫೋಲ್ಡರ್ ತೆರೆದರೆ ಮಾತ್ರ ಕಂಪ್ಯೂಟರ್ ನಿಂತೇಬಿಡುತ್ತದೆ, ಉಳಿದದ್ದು ಸರಿ ಇರುತ್ತದೆ. ಕಾಪಿ ಹೊಡೆಯುವಾಗ ಯಾವಾಗಲೂ ಅದೇ ಜಾಗದಲ್ಲಿ ಸ್ಪೀಡ್ ಸೊನ್ನೆಗೆ ಬರುತ್ತದೆ. ಫೋಟೋದ ಕೆಳಗಿನ ಅರ್ಧ ಬೂದಿ ಬಣ್ಣ. ಆನ್ ಮಾಡಿದಾಗಲೆಲ್ಲ ವಿಂಡೋಸ್ ತಾನಾಗಿ ಡಿಸ್ಕ್ ಚೆಕ್ ಮಾಡಲು ಹೊರಡುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದರೆ, 'ಡಿಸ್ಕ್' ಹೆಸರಿನಲ್ಲಿ ಈವೆಂಟ್ ನಂಬರ್ 7 ಕಂಡರೆ ಅದು ಬ್ಯಾಡ್ ಬ್ಲಾಕ್‌ನ, ಅಂದರೆ ಬ್ಯಾಡ್ ಸೆಕ್ಟರ್‌ನ ದೂರು.

ಸದ್ದಿನ ವಿಷಯ ಬೇರೆ. ಲಯಬದ್ಧವಾಗಿ ಟಕ್ ಟಕ್ ಅಂದರೆ, ಅಥವಾ ತಗಡು ಕೆರೆದ ಹಾಗೆ ಸದ್ದು ಬಂದರೆ ಅದು ಬ್ಯಾಡ್ ಸೆಕ್ಟರ್‌ಗೆ ಮೀರಿದ್ದು. ಪ್ಲಗ್ ತೆಗೆದುಬಿಡಿ. ಯುಎಸ್‌ಬಿಗೆ ಹಾಕುವ ಸಣ್ಣ ಡಿಸ್ಕ್ ಆದರೆ ಒಂದೇ ಒಂದು ಸಲ ಕೇಬಲ್ ಬದಲಿಸಿ, ಸಿಪಿಯುವಿನ ಹಿಂದಿನ ಪೋರ್ಟ್‌ಗೆ ಹಾಕಿ ನೋಡಬಹುದು. ಮುಂದಿನ ಪೋರ್ಟ್‌ನಲ್ಲಿ ಪವರ್ ಸಾಲದೆಯೂ ಅಂಥ ಸದ್ದು ಬರುತ್ತದೆ. ಆಗಲೂ ಬಂದರೆ ಮನೆಯಲ್ಲಿ ಏನೂ ಮಾಡಬೇಡಿ. ಬೆಂಗಳೂರಿನಲ್ಲಿ ಡೇಟಾ ರಿಕವರಿ ಲ್ಯಾಬ್‌ಗಳಿವೆ, ಅಂಥವರ ಕೈಗೆ ಕೊಡಿ. ಖರ್ಚು ಜಾಸ್ತಿ. ಆದರೆ ನೀವು ಪ್ರತಿ ಸಲ ಆನ್ ಮಾಡಿದಾಗಲೂ ಅವರಿಗೆ ಸಿಗುವ ಡೇಟಾ ಕಮ್ಮಿ ಆಗುತ್ತಾ ಹೋಗುತ್ತದೆ.

ಮೊದಲ ಹೆಜ್ಜೆ: ಕೈ ಬಿಡಿ

ಆ ಡಿಸ್ಕ್‌ನಲ್ಲಿ ಕೆಲಸ ನಿಲ್ಲಿಸಿ. ಹೊಸ ಫೈಲ್ ಸೇವ್ ಮಾಡಬೇಡಿ, ವಿಂಡೋಸ್ ಅಪ್‌ಡೇಟ್ ಬೇಡ, ಆಂಟಿವೈರಸ್ ಸ್ಕ್ಯಾನ್ ಬೇಡ. ಡಿಫ್ರ್ಯಾಗ್ ಅಂತೂ ಬೇಡವೇ ಬೇಡ, ಅದು ಒಳಗಿರುವುದನ್ನೆಲ್ಲ ಎತ್ತಿ ಬೇರೆ ಕಡೆ ಇಡುವ ಕೆಲಸ. ಸ್ಟಾರ್ಟ್ ಆಗುವಾಗ ಡಿಸ್ಕ್ ಚೆಕ್ ಬಂದರೆ, ಪರದೆಯಲ್ಲಿ ಎಣಿಕೆ ನಡೆಯುತ್ತಿರುವಾಗಲೇ ಯಾವುದಾದರೂ ಕೀ ಒತ್ತಿ ತಪ್ಪಿಸಿ.

ಮಳೆಯಲ್ಲಿ ತಂದ ಸಿಪಿಯು, ಲ್ಯಾಪ್‌ಟಾಪ್ ಆದರೆ ಬಂದ ತಕ್ಷಣ ಆನ್ ಮಾಡಬೇಡಿ. ತಣ್ಣಗಿನ ಲೋಹದ ಮೇಲೆ ಬೆಚ್ಚಗಿನ ಗಾಳಿಯ ತೇವ ಹನಿಗಟ್ಟುತ್ತದೆ. ಮೇಷ್ಟ್ರ ಸಿಪಿಯುವನ್ನು ಬಿಚ್ಚಿ ಫ್ಯಾನ್ ಕೆಳಗೆ ಎರಡು ತಾಸು ಇಟ್ಟಿದ್ದೆ. ಅಷ್ಟರಲ್ಲಿ ಅವರು ತಿಂಡಿ ಮುಗಿಸಿಕೊಂಡು ಬಂದರು.

ಎರಡನೆಯದು: ಡಿಸ್ಕ್‌ನ ಆರೋಗ್ಯ ನೋಡಿ

ಪ್ರತಿ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಅದನ್ನು ಓದಲು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು, ಪುಕ್ಕಟೆ ಸಿಗುತ್ತದೆ. ಇನ್‌ಸ್ಟಾಲ್ ಬೇಡದ ಪೋರ್ಟಬಲ್ ಪ್ರತಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ. ವಿಂಡೋಸ್ ಬದಲು ಉಬುಂಟು (ಪುಕ್ಕಟೆ ಸಿಗುವ ಲಿನಕ್ಸ್) ಇದ್ದರೆ 'ಡಿಸ್ಕ್ಸ್' ಅನ್ನುವ ಆ್ಯಪ್‌ನಲ್ಲೇ ಸ್ಮಾರ್ಟ್ ಡೇಟಾ ಕಾಣುತ್ತದೆ.

ತೆರೆದಾಗ ಮೇಲೆ ನೀಲಿಯಲ್ಲಿ ಗುಡ್, ಹಳದಿಯಲ್ಲಿ ಕಾಷನ್ ಅಥವಾ ಕೆಂಪಿನಲ್ಲಿ ಬ್ಯಾಡ್ ಅಂತ ಬರುತ್ತದೆ. ಅದನ್ನಷ್ಟೇ ನೋಡಿ ಮುಚ್ಚಬೇಡಿ. ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲು ನೋಡಬೇಕು.

05 ಅನ್ನುವ ಸಾಲು, ಈಗಾಗಲೇ ಸ್ಪೇರ್‌ಗೆ ಸಾಗಿಸಿದ ಸೆಕ್ಟರ್‌ಗಳ ಲೆಕ್ಕ. ಸಿ5 ಸಾಲು, ಬಾಕಿ ಇರುವ ಸೆಕ್ಟರ್‌ಗಳು. ಸಿ6, ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗ ಓದಲು ಆಗದವು. ಕೊನೆಯದು ಸಿ7. ಇದು ತಟ್ಟೆಯ ತೊಂದರೆ ಅಲ್ಲ, ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಡೇಟಾ ಹೋಗುವಾಗ ಆದ ತಪ್ಪು. ಅದೊಂದೇ ಏರುತ್ತಿದ್ದು ಉಳಿದ ಮೂರು ಸೊನ್ನೆ ಇದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ. ನಮ್ಮ ಕಡೆಯ ಶೀತಕ್ಕೆ ಕೇಬಲ್‌ನ ಕನೆಕ್ಟರ್ ಕಿಲುಬು ಹಿಡಿಯುವುದು ಹೊಸದಲ್ಲ. ನೂರೈವತ್ತು ರೂಪಾಯಿಯೂ ಆಗದ ಕೇಬಲ್‌ಗಾಗಿ ಒಳ್ಳೇ ಡಿಸ್ಕ್ ಎಸೆದವರನ್ನು ನೋಡಿದ್ದೇನೆ. ಕೇಬಲ್ ಬದಲಿಸಿದರೂ ಸಿ7 ಲೆಕ್ಕ ಇಳಿಯುವುದಿಲ್ಲ. ಮುಂದೆ ಏರದಿದ್ದರೆ ಸಾಕು.

ಒಂದು ಎಚ್ಚರ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಈ ಲೆಕ್ಕಗಳನ್ನು ಹದಿನಾರರ ಲೆಕ್ಕದಲ್ಲಿ, ಅಂದರೆ ಹೆಕ್ಸ್‌ನಲ್ಲಿ ತೋರಿಸುತ್ತದೆ. ಮೇಷ್ಟ್ರ ಡಿಸ್ಕ್‌ನಲ್ಲಿ 05 ಸಾಲಿನ ಕೊನೆಗೆ 18 ಅಂತಿತ್ತು. ಅದು ಹದಿನೆಂಟಲ್ಲ, 24. ಸಿ5 ಸಾಲಿನ ಕೊನೆಗೆ ಬಿ8 ಅಂತಿತ್ತು, ಅಂದರೆ 184. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್ಡ್ ಫೀಚರ್, ಅದರೊಳಗೆ ರಾ ವ್ಯಾಲ್ಯೂಸ್, ಅಲ್ಲಿ 10 ಅಂತ ಇರುವುದನ್ನು ಆರಿಸಿದರೆ ನಮ್ಮ ಮಾಮೂಲಿ ಲೆಕ್ಕ ಕಾಣುತ್ತದೆ.

ಆ 184 ನೋಡಿ ಮೇಷ್ಟ್ರು ಹೌಹಾರಿದರು. 184 ಅಂದರೆ 23 ಎಂಟಲ 184. ಒಳಗೆ 4096 ಬೈಟ್ ಇರುವ ಡಿಸ್ಕ್ ಹೊರಗೆ ಅದನ್ನು ಎಂಟು 512 ಆಗಿ ತೋರಿಸುತ್ತದೆ. ಒಂದು ಜಾಗ ಕೆಟ್ಟರೆ ಇಂಥ ಡಿಸ್ಕ್ ಎಂಟು ಅಂತ ಎಣಿಸಬಹುದು. ಅವರದ್ದರಲ್ಲಿ ನಿಜವಾಗಿ ಕೆಟ್ಟಿದ್ದು 23 ಜಾಗ.

ಪರದೆಯನ್ನು ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಇದು ಬೇಕೇ ಬೇಕು.

ಎಲ್ಲವೂ ಸೊನ್ನೆ ಅಂದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ. ಗೂಗಲ್‌ನವರು ತಮ್ಮಲ್ಲಿದ್ದ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿದ್ದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಜಾಸ್ತಿಯವು ಇಂಥ ಮುಖ್ಯ ಸಾಲುಗಳಲ್ಲಿ ಒಂದು ಸುಳಿವನ್ನೂ ಕೊಟ್ಟಿರಲಿಲ್ಲ. ಇನ್ನೊಂದು ಕಡೆ, ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸಿದಾಗ ಸಿಕ್ಕ ತಪ್ಪು) ಬಂದ ಡಿಸ್ಕ್ 60 ದಿನದೊಳಗೆ ಕೆಡುವ ಸಂಭವ, ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಜಾಸ್ತಿ ಇತ್ತು. ಸುಳಿವು ಸಿಕ್ಕಿದೆ ಅಂದರೆ ಅದು ನಿಮ್ಮ ಪುಣ್ಯ. ಕೂಡಲೇ ಕಾಪಿಗೆ ಕೂರಿ.

ಮೂರನೆಯದು: ಡೇಟಾ ಎತ್ತುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ನಿಧಾನಕ್ಕೆ ಓದಿ.

ಡಿಸ್ಕ್ ಇನ್ನೂ ಚುರುಕಾಗಿದೆ, ಸಿ5 ಒಂದು ಕೈಬೆರಳಲ್ಲಿ ಎಣಿಸುವಷ್ಟಿದೆ ಅಂದರೆ ವಿಂಡೋಸ್‌ನಲ್ಲೇ ಫೈಲ್ ಕಾಪಿ ಮಾಡಬಹುದು. ಆದರೆ ಇಡೀ ಡ್ರೈವ್ ಎಳೆದು ಹಾಕಬೇಡಿ. ಮತ್ತೆ ಸಿಗದ್ದು ಮೊದಲು: ಫೋಟೋ, ಲೆಕ್ಕ, ಆಸ್ತಿ ಪತ್ರದ ಸ್ಕ್ಯಾನ್. ಸಿನಿಮಾ, ಸಾಫ್ಟ್‌ವೇರ್ ಕೊನೆಗೆ. ಸಾಮಾನ್ಯ ಕಾಪಿ ಒಂದು ಕೆಟ್ಟ ಫೈಲ್ ಸಿಕ್ಕಲ್ಲೇ ನಿಂತುಬಿಡುತ್ತದೆ. ಅದಕ್ಕೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಒಳ್ಳೆಯದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ರೋಬೋಕಾಪಿ ಅಂತ ಇಂಗ್ಲಿಷ್‌ನಲ್ಲಿ ಹೊಡೆದು, ಎಲ್ಲಿಂದ, ಎಲ್ಲಿಗೆ ಅಂತ ಕೊಟ್ಟು, ಆಮೇಲೆ ಸ್ಲ್ಯಾಶ್ ಇ, ಸ್ಲ್ಯಾಶ್ ಆರ್ ಕೋಲನ್ ಸೊನ್ನೆ, ಸ್ಲ್ಯಾಶ್ ಡಬ್ಲ್ಯು ಕೋಲನ್ ಸೊನ್ನೆ ಸೇರಿಸಿ. ಕೊನೆಯ ಎರಡನ್ನು ಮರೆಯಬೇಡಿ. ಅವಿಲ್ಲದಿದ್ದರೆ ಓದಲಾಗದ ಒಂದು ಫೈಲ್‌ಗೆ ಅದು 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲಕ್ಕೆ 30 ಸೆಕೆಂಡ್ ಕಾಯುತ್ತದೆ. ಸಾಯುತ್ತಿರುವ ಡಿಸ್ಕನ್ನು ಅದೊಂದೇ ಕೊಂದುಹಾಕುತ್ತದೆ.

ಅದಕ್ಕಿಂತ ಕೆಟ್ಟ ಸ್ಥಿತಿ ಇದ್ದರೆ ವಿಂಡೋಸ್ ಬೇಡ. ಅದು ಹಿಂದಿನಿಂದ ತನ್ನ ಪಾಡಿಗೆ ಡಿಸ್ಕ್ ಮುಟ್ಟುತ್ತಲೇ ಇರುತ್ತದೆ. ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡಿ, 'ಟ್ರೈ' ಆರಿಸಿಕೊಳ್ಳಿ. ಇನ್‌ಸ್ಟಾಲ್ ಒತ್ತಬೇಡಿ. ಅಲ್ಲಿ ಬಳಸುವುದು ಡಿಡಿರೆಸ್ಕ್ಯೂ ಅನ್ನುವ ಟೂಲ್. ಉಬುಂಟುವಿನ ಪ್ಯಾಕೇಜ್ ಹೆಸರಿನ ಮುಂದೆ ಒಂದು ಜಿ ಜಾಸ್ತಿ ಇರುತ್ತದೆ, ಜಿಡಿಡಿರೆಸ್ಕ್ಯೂ. ಓಡಿಸುವಾಗ ಜಿ ಬೇಡ.

ಇದರ ಜಾಣತನ ನನಗೆ ತುಂಬಾ ಇಷ್ಟ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕಷ್ಟದ ಜಾಗ ಬಂದರೆ ಅಲ್ಲಿ ಕೂತು ಹಟ ಮಾಡುವುದಿಲ್ಲ, ಗುರುತು ಹಾಕಿ ಮುಂದೆ ಜಿಗಿಯುತ್ತದೆ. ಎಲ್ಲ ಒಳ್ಳೆಯದು ಕೈಗೆ ಬಂದ ಮೇಲೆ ತಿರುಗಿ ಕಷ್ಟದ ಜಾಗಗಳಿಗೆ ಬರುತ್ತದೆ. ಡಿಸ್ಕ್ ನಡುವೆ ಸತ್ತರೂ ಹೆಚ್ಚಿನದು ಉಳಿದಿರುತ್ತದೆ.

ಬೇಕಾದದ್ದು ಮೂರು: ಹಳೇ ಡಿಸ್ಕ್, ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಖಾಲಿ ಡಿಸ್ಕ್, ಮತ್ತೊಂದು ಪೆನ್‌ಡ್ರೈವ್. ಆ ಪೆನ್‌ಡ್ರೈವ್ ಮ್ಯಾಪ್ ಫೈಲ್‌ಗೆ. ಎಲ್ಲಿಯವರೆಗೆ ಓದಿದೆ, ಯಾವುದು ಬಿಟ್ಟಿದೆ ಅನ್ನುವ ಲೆಕ್ಕವೆಲ್ಲ ಅದರಲ್ಲಿ ಇರುತ್ತದೆ. ನಡುವೆ ಕರೆಂಟ್ ಹೋದರೆ ಅದೇ ಕಮಾಂಡ್ ಮತ್ತೆ ಕೊಟ್ಟರಾಯಿತು, ಬಿಟ್ಟಲ್ಲಿಂದ ಶುರು. ಮಲೆನಾಡಿನ ಮಳೆಗಾಲಕ್ಕೆ ಅಂತಲೇ ಮಾಡಿದ ಹಾಗಿದೆ. ಆದರೆ ಆ ಫೈಲ್ ಪೆನ್‌ಡ್ರೈವ್‌ನಲ್ಲೇ ಇರಬೇಕು. 'ಟ್ರೈ' ಉಬುಂಟುವಿನ ಡೆಸ್ಕ್‌ಟಾಪ್‌ನಲ್ಲಿ ಇಟ್ಟರೆ ಕರೆಂಟ್ ಜೊತೆ ಅದೂ ಹೋಗುತ್ತದೆ.

ಈಗ ಅತಿ ದೊಡ್ಡ ಅಪಾಯ. ಹಳೇ ಡಿಸ್ಕ್, ಹೊಸ ಡಿಸ್ಕ್ ಅದಲು ಬದಲಾದರೆ ಖಾಲಿ ಡಿಸ್ಕ್‌ನ ಸೊನ್ನೆಗಳು ನಿಮ್ಮ ಡೇಟಾದ ಮೇಲೆ ಬರೆಯಲ್ಪಡುತ್ತವೆ. ಮತ್ತೆ ಯಾರಿಂದಲೂ ತರಲು ಆಗುವುದಿಲ್ಲ. ಅದಕ್ಕೆ ಹೀಗೆ ಮಾಡಿ: ಎರಡೂ ಡಿಸ್ಕ್‌ನ ಲೇಬಲ್ ಮೇಲಿನ ಸೀರಿಯಲ್ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ. 'ಡಿಸ್ಕ್ಸ್' ಆ್ಯಪ್ ತೆರೆದು ಯಾವ ಸೀರಿಯಲ್‌ಗೆ ಯಾವ ಹೆಸರು, ಎಸ್‌ಡಿಎ ಯಾವುದು, ಎಸ್‌ಡಿಬಿ ಯಾವುದು ಅಂತ ಎದುರಿಗೆ ಬರೆಯಿರಿ. ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಈ ಹೆಸರು ಬದಲಾಗಬಹುದು. ಪ್ರತಿ ಸಲ ನೋಡಿ. ನಾನು ಎಂಟರ್ ಒತ್ತುವ ಮೊದಲು ಚೀಟಿಯನ್ನು ಬಾಯಿಬಿಟ್ಟು ಓದುತ್ತೇನೆ. ಹಳೇ ಡಿಸ್ಕನ್ನು ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿ ತೆರೆಯಲೂ ಬೇಡಿ.

ಮೊದಲ ಸುತ್ತಿನ ಕಮಾಂಡ್‌ನ ಕ್ರಮ ಇದು: ಸುಡೋ, ಡಿಡಿರೆಸ್ಕ್ಯೂ, ಮೈನಸ್ ಎಫ್, ಮೈನಸ್ ಎನ್, ಹಳೇ ಡಿಸ್ಕ್‌ನ ಹೆಸರು, ಹೊಸ ಡಿಸ್ಕ್‌ನ ಹೆಸರು, ಪೆನ್‌ಡ್ರೈವ್‌ನಲ್ಲಿನ ಮ್ಯಾಪ್ ಫೈಲ್. ಎನ್ ಅಂದರೆ ಕಷ್ಟದ ಜಾಗವನ್ನು ಈಗ ಕೆರೆಯಬೇಡ ಅಂತ. ಎರಡನೇ ಸುತ್ತಿಗೆ ಎನ್ ತೆಗೆದು ಮೈನಸ್ ಡಿ ಮತ್ತು ಮೈನಸ್ ಆರ್3 ಹಾಕಿ, ಉಳಿದದ್ದೆಲ್ಲ ಹಾಗೇ. ಆರ್3 ಅಂದರೆ ಬಿಟ್ಟ ಜಾಗಗಳಿಗೆ ಇನ್ನೂ ಮೂರು ಸಲ ಪ್ರಯತ್ನ.

ಆರೋಗ್ಯವಾಗಿರುವ 500 ಜಿಬಿ ಡಿಸ್ಕ್, ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ, ಒಂದೂವರೆ ತಾಸಿನೊಳಗೆ ಓದಿ ಮುಗಿಯುತ್ತದೆ. ಕೆಟ್ಟ ಡಿಸ್ಕ್ ಎರಡು ದಿನವೂ ತೆಗೆದುಕೊಳ್ಳಬಹುದು. ಮೇಷ್ಟ್ರದ್ದು ಮೊದಲ ಸುತ್ತು ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಆ 23 ಜಾಗ ಬಿಟ್ಟು ಉಳಿದದ್ದೆಲ್ಲ ಬಂದಿತ್ತು. ಎರಡನೇ ಸುತ್ತು ರಾತ್ರಿ ಇಡೀ ನಡೆಯಿತು. ನಡುವೆ ಎರಡು ಸಲ ಕರೆಂಟ್ ಹೋಯಿತು. ಯುಪಿಎಸ್ ಒಂದು ಸಲ ಹಿಡಿಯಿತು, ಇನ್ನೊಂದು ಸಲ ಕೈಕೊಟ್ಟಿತು. ಬೆಳಗ್ಗೆ ಮತ್ತೆ ಶುರು ಮಾಡಿದಾಗ ಮ್ಯಾಪ್ ಫೈಲ್ ಎಲ್ಲ ನೆನಪಿಟ್ಟುಕೊಂಡಿತ್ತು. ಕೊನೆಗೆ ಓದಲೇ ಆಗದೆ ಉಳಿದದ್ದು 9 ಜಾಗ.

ಡಿಸ್ಕ್ ತುಂಬಾ ಬಿಸಿ ಆಗುತ್ತಿದ್ದರೆ ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ಶುರು ಮಾಡಿ. ಮುಂದೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಎಷ್ಟೋ ವಾಸಿ.

ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಈಗಿನ ವಿಂಡೋಸ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬಿಟ್‌ಲಾಕರ್‌ನಿಂದ ಬೀಗ ಹಾಕಿಟ್ಟಿರುತ್ತದೆ. ಕಾಪಿ ಆದರೂ ರಿಕವರಿ ಕೀ ಇಲ್ಲದೆ ತೆರೆಯುವುದಿಲ್ಲ. ಮೊದಲೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಕೀ ಬರೆದಿಟ್ಟುಕೊಳ್ಳಿ.

ಯಾವ ಫೈಲ್‌ಗೆ ಪೆಟ್ಟಾಯಿತು ಅಂತ ತಿಳಿಯಲೂ ದಾರಿ ಇದೆ. ಡಿಡಿರೆಸ್ಕ್ಯೂಗೆ ಫಿಲ್ ಮೋಡ್ ಅಂತ ಇದೆ. ಓದಲಾಗದ ಜಾಗಗಳಲ್ಲಿ, ಹೊಸ ಕಾಪಿಯ ಮೇಲೆ ಮಾತ್ರ, ನೀವು ಕೊಟ್ಟ ಒಂದು ವಿಚಿತ್ರ ಪದವನ್ನು ತುಂಬುತ್ತದೆ. ಆಮೇಲೆ ಆ ಪದ ಯಾವ ಫೈಲ್‌ನಲ್ಲಿದೆ ಅಂತ ಹುಡುಕಿದರೆ ಗಾಯವಾದ ಫೈಲ್‌ಗಳ ಪಟ್ಟಿ ಸಿಗುತ್ತದೆ. ಎಲ್ಲ ಫೈಲ್‌ಗೂ ಒಂದೇ ಪೆಟ್ಟಲ್ಲ. ಜಿಪ್ ಫೈಲ್‌ನಲ್ಲಿ ಒಂದು ಸೆಕ್ಟರ್ ಹೋದರೆ ಒಳಗಿನ ಫೈಲೇ ತೆರೆಯದಿರಬಹುದು. ಫೋಟೋದಲ್ಲಿ ಅಲ್ಲಿಂದ ಕೆಳಗೆ ಬಣ್ಣ ಕದಡುತ್ತದೆ. ಎಂಪಿ3 ಹಾಡು, ಮಾತು ಆದರೆ ಲೆಕ್ಕ ಹಾಕಬಹುದು. 128 ಕೆಬಿಪಿಎಸ್ ರೆಕಾರ್ಡಿಂಗ್‌ನಲ್ಲಿ ಸೆಕೆಂಡಿಗೆ 16,000 ಬೈಟ್. 4096 ಬೈಟ್ ಹೋದರೆ ಕಾಲು ಸೆಕೆಂಡ್.

ನಾಲ್ಕನೆಯದು: ಈಗ ರಿಪೇರಿ

ಕಾಪಿಯಿಂದ ಹತ್ತು ಇಪ್ಪತ್ತು ಫೈಲ್ ತೆರೆದು ನೋಡಿದಿರಾ? ನೋಡಿದ ಮೇಲೆ ಮಾತ್ರ ಮುಂದೆ ಓದಿ.

ಕಾಪಿ ಮಾಡಿದ ಹೊಸ ಡಿಸ್ಕ್‌ನಲ್ಲಿ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ವ್ಯವಸ್ಥೆ, ಎಡವಟ್ಟಾಗಿದ್ದರೆ ಚೆಕ್ ಡಿಸ್ಕನ್ನು ಅದರ ಮೇಲೆ ಓಡಿಸಿ, ಹಳೆಯದರ ಮೇಲೆ ಅಲ್ಲ. ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ: ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಸಿ, ಎಚ್, ಕೆ, ಡಿ, ಎಸ್, ಕೆ, ಒಂದು ಸ್ಪೇಸ್, ಡ್ರೈವ್‌ನ ಅಕ್ಷರ, ಕೋಲನ್, ಸ್ಪೇಸ್, ಸ್ಲ್ಯಾಶ್ ಎಫ್. ಎಫ್ ಹಾಕಿದರೆ ಫೈಲ್ ಸಿಸ್ಟಮ್ ಮಾತ್ರ ಸರಿಮಾಡುತ್ತದೆ. ಆರ್ ಹಾಕಿದರೆ ಡ್ರೈವ್‌ನ ಎಲ್ಲ ಜಾಗ ಓದಿ ಕೆಟ್ಟದ್ದನ್ನು ಬಳಸದಂತೆ ಗುರುತು ಹಾಕುತ್ತದೆ. ಹಳೇ ಡಿಸ್ಕ್‌ನಲ್ಲಿ ಮೊದಲೇ ಅಂಥ ಗುರುತುಗಳಿದ್ದರೆ ಕಾಪಿ ಜೊತೆ ಅವೂ ಹೊಸದಕ್ಕೆ ಬಂದಿರುತ್ತವೆ. ಚೆನ್ನಾಗಿರುವ ಡಿಸ್ಕ್‌ನಲ್ಲೂ ಬ್ಯಾಡ್ ಸೆಕ್ಟರ್ ಇದೆ ಅಂತ ವಿಂಡೋಸ್ ಹೇಳಿ ಗಾಬರಿ ಮಾಡುತ್ತದೆ. ಆಗ ಸ್ಲ್ಯಾಶ್ ಬಿ ಹಾಕಿ ಓಡಿಸಿದರೆ ಆ ಗುರುತುಗಳನ್ನು ಮತ್ತೆ ಪರೀಕ್ಷಿಸಿ ಅಳಿಸುತ್ತದೆ.

ಚೆಕ್ ಡಿಸ್ಕ್‌ಗೆ ಬೇಕಾದದ್ದು ನಿಮ್ಮ ಫೈಲ್ ಅಲ್ಲ, ಒಪ್ಪವಾಗಿರುವ ಫೈಲ್ ಸಿಸ್ಟಮ್. ವಿಳಾಸ ಸಿಗದ ಫೈಲ್‌ಗಳನ್ನು ತುಂಡು ತುಂಡು ಮಾಡಿ 'ಫೌಂಡ್' ಅನ್ನುವ ಫೋಲ್ಡರ್‌ಗೆ ತಳ್ಳುತ್ತದೆ. ಕೆಟ್ಟ ಡಿಸ್ಕ್‌ನ ಮೇಲೆ ಮೊದಲೇ ಓಡಿಸಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಹಳೇ ಡಿಸ್ಕ್. ಇದನ್ನು ಪೂರ್ತಿ ಅಳಿಸಿ ಬರೆಯಬೇಕು. ವಿಂಡೋಸ್‌ನಲ್ಲಿ ಆ ಡ್ರೈವ್ ಮೇಲೆ ರೈಟ್ ಕ್ಲಿಕ್, ಫಾರ್ಮ್ಯಾಟ್. ಅಲ್ಲಿ 'ಕ್ವಿಕ್ ಫಾರ್ಮ್ಯಾಟ್' ಮುಂದಿನ ಟಿಕ್ ತೆಗೆಯಿರಿ. ವಿಸ್ಟಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಅಂದರೆ ಆ ಡ್ರೈವ್‌ನ ಎಲ್ಲ ಸೆಕ್ಟರ್‌ಗೂ ಸೊನ್ನೆ ಬರೆಯುತ್ತದೆ. ಕ್ವಿಕ್ ಆದರೆ ಮೇಲಿನ ಪಟ್ಟಿ ಮಾತ್ರ ಅಳಿಸಿ ಬಿಡುತ್ತದೆ, ಬ್ಯಾಡ್ ಸೆಕ್ಟರ್ ಇದ್ದಲ್ಲೇ ಇರುತ್ತದೆ. ಡಿಸ್ಕ್‌ನಲ್ಲಿ ನಾಲ್ಕು ಪಾರ್ಟಿಷನ್ ಇದ್ದರೆ ನಾಲ್ಕಕ್ಕೂ ಮಾಡಬೇಕು.

ಮುಗಿದ ಮೇಲೆ ಮತ್ತೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು, ಮೊದಲು ಹೊಡೆದ ಫೋಟೋ ಪಕ್ಕದಲ್ಲಿಟ್ಟು ನೋಡಿ. ಸಿ5 ಸೊನ್ನೆ ಆಗಿದೆ, 05 ಇದ್ದಷ್ಟೇ ಇದೆ ಅಂದರೆ ತಟ್ಟೆ ಚೆನ್ನಾಗಿದೆ, ಕರೆಂಟ್ ಹೋಗಿ ಆದ ತೊಂದರೆ ಅದು. ಸಿ5 ಸೊನ್ನೆ ಆಗಿ 05 ಏರಿದ್ದರೆ ಜಾಗ ನಿಜಕ್ಕೂ ಕೆಟ್ಟಿತ್ತು, ಸ್ಪೇರ್‌ಗೆ ಹೋಗಿದೆ. ಫಾರ್ಮ್ಯಾಟ್ ಮುಗಿಯುವ ಮೊದಲೇ ನಿಂತರೆ, ಅಥವಾ ಸಿ5 ಇನ್ನೂ ಉಳಿದಿದ್ದರೆ, ಆ ಡಿಸ್ಕ್‌ನ ಆಸೆ ಬಿಡಿ.

ಇಟ್ಟುಕೊಳ್ಳಬೇಕಾ, ಬಿಡಬೇಕಾ

ಸಿ5 ಸೊನ್ನೆ ಆಗಿ 05 ಏರದ ಡಿಸ್ಕನ್ನು ಬಳಸಬಹುದು. 05 ಏರಿದ ಡಿಸ್ಕನ್ನು ಸಿನಿಮಾ, ಸಿಸಿಟಿವಿ, ಇನ್ನೊಂದು ಕಾಪಿ ಇರುವ ಯಾವುದಕ್ಕಾದರೂ ಇಡಿ. ವಾರಕ್ಕೊಂದು ಸಲ 05 ಸಾಲು ನೋಡಿ. ಒಂದು ತಿಂಗಳಲ್ಲಿ ಒಂದು ಸಲವಾದರೂ ಏರಿದರೆ ತೆಗೆದುಬಿಡಿ. ವ್ಯಾಪಾರದ ಲೆಕ್ಕ, ಮನೆಯ ಫೋಟೋಕ್ಕೆ ನಾನಾದರೆ ಒಂದು ಬ್ಯಾಡ್ ಸೆಕ್ಟರ್ ಬಂದ ಡಿಸ್ಕನ್ನೂ ಇಡುವುದಿಲ್ಲ. ವಾರಂಟಿ ಇದೆಯಾ ಅಂತ ಕಂಪನಿಯ ವೆಬ್‌ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಕಳಿಸುವ ಮೊದಲು ಡೇಟಾ ಅಳಿಸಿ.

ಫ್ರಿಜ್‌ನಲ್ಲಿಡುವುದು, ಅಕ್ಕಿ ಡಬ್ಬಿಯಲ್ಲಿ ಹೂಳುವುದು, ಮೆಲ್ಲಗೆ ತಟ್ಟುವುದು, ಇವೆಲ್ಲ ಯಾರ್ಯಾರೋ ಹೇಳುವ ಮದ್ದು. ಫ್ರಿಜ್‌ನಿಂದ ತೆಗೆದ ಡಿಸ್ಕ್ ನಮ್ಮ ಊರಿನ ಗಾಳಿಗೆ ಬಂದರೆ ಬೆವರುತ್ತದೆ. ಸಾಮಾನ್ಯ ಡಿಸ್ಕ್‌ಗಳಿಗೆ ಗಾಳಿ ಆಡಲು ಫಿಲ್ಟರ್ ಇರುವ ಒಂದು ಸಣ್ಣ ರಂಧ್ರ ಇರುತ್ತದೆ. ಅದರ ಪಕ್ಕದಲ್ಲೇ ಮುಚ್ಚಬೇಡಿ ಅಂತ ಬರೆದಿರುತ್ತದೆ. ತೇವ ಹೋಗುವ ದಾರಿಯೂ ಅದೇ.

ಮಳೆಗಾಲಕ್ಕೆ ಮುಂಚೆ

ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು. ಜೂನ್‌ನಿಂದ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು, ಬಂದ ಹಾಗೆ ಮಾಡಿ ಮತ್ತೆ ಹೋಗುವುದು. ಆಗುಂಬೆ, ಹೊಸನಗರ, ಸಾಗರದ ಒಳಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿಸ್ಕ್‌ಗೆ ಕರೆಂಟ್ ಹೋಗುವುದಕ್ಕಿಂತ, ಅರ್ಧ ನಿಮಿಷದಲ್ಲಿ ಮೂರು ಸಲ ಹೋಗಿ ಬರುವುದು ಕೆಟ್ಟದ್ದು. ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ. ಬಂದು ಐದು ನಿಮಿಷ ನಿಂತ ಮೇಲೆ ಹಾಕಿ.

ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇ ಬೇಕು. ಅದರ ಬ್ಯಾಟರಿ ಮೇ ತಿಂಗಳಲ್ಲೇ ನೋಡಿಸಿ. ಮನೆಯ ಇನ್ವರ್ಟರ್‌ಗೆ ಕಂಪ್ಯೂಟರ್ ಹಾಕಿದ್ದರೆ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದೆಯಾ ನೋಡಿ. ಅದರಲ್ಲಿ ಇಟ್ಟರೆ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಚಾರ್ಜರ್ ಮೇಲೇ ನಡೆಸುವವರು ಬಹಳ ಜನ. ಅದು ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಸಮ. ಸಿಡಿಲು ಶುರುವಾದರೆ ಪ್ಲಗ್ ಕೀಳಿ, ಇಂಟರ್‌ನೆಟ್ ಕೇಬಲ್ ಕೂಡ.

ಬ್ಯಾಕಪ್ ಡಿಸ್ಕನ್ನು ಕಂಪ್ಯೂಟರ್ ಪಕ್ಕದಲ್ಲೇ ಇಡಬೇಡಿ. ಗಾಳಿಯಾಡದ ಡಬ್ಬಿಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೀರುವಿನಲ್ಲಿಡಿ. ಸಾಧ್ಯವಾದರೆ ಇನ್ನೊಂದು ಕಾಪಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಮೇಷ್ಟ್ರು ಈಗ ಒಂದನ್ನು ಸಾಗರದ ಮಗಳ ಮನೆಯಲ್ಲಿಟ್ಟಿದ್ದಾರೆ.

ಅವರ ಆ 9 ಜಾಗದಲ್ಲಿ ಐದು ಖಾಲಿ ಜಾಗದಲ್ಲಿ ಬಿದ್ದಿದ್ದವು, ಒಂದು ವಿಂಡೋಸ್ ಫೈಲ್‌ನಲ್ಲಿ. ಮೂರು ಮಾತ್ರ ರೆಕಾರ್ಡಿಂಗ್‌ಗಳಲ್ಲಿ. ಮೂರನ್ನೂ ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ ಅಂತ ಕೂತರು. ಕೊನೆಯದರಲ್ಲಿ ವಾಲಿ ರಾಮನನ್ನು ಪ್ರಶ್ನೆ ಮಾಡುತ್ತಾನೆ. ಅರ್ಥಧಾರಿ ತೀರಿಕೊಂಡು ಎಷ್ಟೋ ವರ್ಷ. ಮೇಷ್ಟ್ರು ಹೆಡ್‌ಫೋನ್ ಒಂದು ಕಿವಿಯದ್ದು ನನಗೆ ಕೊಟ್ಟರು. ಮಾತು ಏರುತ್ತಾ ಬಂದು, ಟಿಕ್ ಅಂತ ಒಂದು ಸಣ್ಣ ಸದ್ದು, ಕಾಲು ಸೆಕೆಂಡ್ ಖಾಲಿ, ಆಮೇಲೆ '...ರ್ಮವೇ ಇದು?' ಅಂತ ಮುಂದುವರಿಯಿತು.

ಮೇಷ್ಟ್ರು ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ಹಾಕಿದರು. ಈ ಸಲ ಆ ಖಾಲಿ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡು 'ಧ' ಅಂತ ತಾವೇ ಹೇಳಿದರು.